ಮೇ ತಿಂಗಳಲ್ಲಿ ತೆಗೆದ ಚೆನ್ನೆಮಣೆ

ಸತ್ತವರು ಬಂದರು, ಕಂಡರು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಬದುಕಿರುವವರಿಗೇ ಕಾಲಿಡಲು ಜಾಗವಿಲ್ಲ, ಸತ್ತವರು ಎಲ್ಲಿ ಹತ್ತುತ್ತಾರೆ ಎಂದು ತಮಾಷೆ ಮಾಡುತ್ತಿದ್ದೆ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಅಂಬರನಾಥದ ಹಳೆಯ ಶಿವ ದೇವಸ್ಥಾನಕ್ಕೆ ಸ್ವಲ್ಪ ದೂರದಲ್ಲಿ ಒಂದು ಹಾಲ್ ಹಿಡಿದು ಊರು ಬಿಟ್ಟು ಇಲ್ಲಿ ನೆಲೆಸಿದ ನಮ್ಮ ಕರಾವಳಿಯವರ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತಿದ್ದೆವು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳು. ಆಟದ ನೆಪದಲ್ಲಾದರೂ ನಾಲ್ಕು ಮಾತು ಕಲಿಯಲಿ ಎಂದು ಅಮ್ಮನ ಚೆನ್ನೆಮಣೆ ಒಯ್ದಿದ್ದೆ, ಎರಡು ಸಾಲು ಗುಳಿಗಳಿಗೆ ಕಾಯಿ ಹಾಕುತ್ತ ಇಬ್ಬರು ಆಡುವ ಮರದ ಮಣೆ. ನಮ್ಮಲ್ಲಿ ಅದನ್ನು ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಚಿಕ್ಕವಳಿದ್ದಾಗ ಜ್ವರದಲ್ಲಿ ಮಲಗಿ ಎಷ್ಟು ಅತ್ತರೂ ಅಮ್ಮ ಬೇರೆ ತಿಂಗಳಲ್ಲಿ ಅದನ್ನು ಕಪಾಟಿನಿಂದ ಇಳಿಸಿರಲಿಲ್ಲ. ಅಮ್ಮ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಇನ್ನು ಬೈಯಲು ಯಾರಿದ್ದಾರೆ ಎಂದು ತೆಗೆದುಬಿಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿದೆವು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು, ಹಸಿರು ಪರದೆಯ ಬೆಳಕು ಮಕ್ಕಳ ಮುಖದ ಮೇಲೆ ಅಲ್ಲಾಡುತ್ತಿತ್ತು. ಎಲ್ಲೋ ಕಾಯಿಗಳು ಗುಳಿಗೆ ಬೀಳುವ ಸದ್ದು ಕೇಳಿದ ಹಾಗಿತ್ತು. ಅದನ್ನು ಕೇಳುತ್ತಲೇ ನನಗೂ ಜೊಂಪು ಹತ್ತಿತು. ಅಡುಗೆಯ ಶೈಲಕ್ಕ ಭುಜ ಹಿಡಿದು ಅಲುಗಾಡಿಸಿದಾಗಲೇ ಎಚ್ಚರ.

"ಮಾರಾಯ್ತಿ, ಹಿಂದಿನ ಗೇಟ್ ಓಪನ್ ಉಂಟು. ಇರಾ ಕಾಣುದಿಲ್ಲ!"

ಗೇಟಿನಾಚೆ ಇಳಿಜಾರು, ಅದರ ಕೆಳಗೆ ನೀರು. ಇರಾ ನೀರು ಕಂಡರೆ ಓಡುವ ಪುಟ್ಟ ಹುಡುಗಿ. ಅವಳ ತಾಯಿಗೆ ಏನು ಹೇಳಲಿ ಎಂದುಕೊಳ್ಳುತ್ತಲೇ ಬರಿಗಾಲಿನಲ್ಲಿ ಓಡಿದೆ. ನೀರಿನ ಅಂಚಿನಲ್ಲಿ ಅವಳ ಪುಟ್ಟ ಚಪ್ಪಲಿಗಳು ಕಂಡವು. ನೀರಿಗೆ ಇಳಿಯಹೊರಟೆ.

"ಟೀಚರ್!"

ತಿರುಗಿದರೆ, ಗೇಟಿನ ಪಕ್ಕದ ಕಟ್ಟೆಯ ಮೇಲೆ ಇರಾ. ಮುಂದೆ ಚೆನ್ನೆಮಣೆ. ಗಾಬರಿಯಲ್ಲಿ ಅವಳನ್ನು ದಾಟಿಯೇ ಓಡಿದ್ದೆ. ಹೋಗಿ ತಬ್ಬಿಕೊಂಡೆ.

"ಅಜ್ಜೀನೇ ಬುಲಾಯಾ," ಎಂದಳು. "ಬೋಲೀ, ನೀರಿಗೆ ನಹೀ ಜಾನೇಕಾ, ಆಡುವ ಬಾ."

"ನೀರಿಗೆ ಹೋಗಬೇಡ ಅಂತ ಕರೆದದ್ದು ಯಾವ ಅಜ್ಜಿ?"

"ಅಭೀ ತೋ ಥೀ," ಈಗಷ್ಟೇ ಇದ್ದಳು ಎನ್ನುವಂತೆ ಎದುರಿನ ಖಾಲಿ ಜಾಗ ತೋರಿಸಿದಳು.

ಶೈಲಕ್ಕ ಸುತ್ತಮುತ್ತ ನೋಡಿ ಬಂದಳು. ಉರಿಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟರಲ್ಲಿ ಇರಾ ಆಟ ಮುಂದುವರಿಸಿದ್ದಳು. ಕೈಯ ಕಾಯಿಗಳು ಮುಗಿದಾಗ ಆಟದ ಕ್ರಮದಂತೆ ಸವರಬೇಕಾದ ಮುಂದಿನ ಖಾಲಿ ಗುಳಿಯನ್ನು ಅಂಗೈಯಿಂದಲ್ಲ, ಕೈ ಮಗುಚಿ ಹಿಂಗೈಯಿಂದ ಸವರಿದಳು. ಹೋಟೆಲಿನ ಅಡುಗೆಮನೆಯ ಕೆಲಸದಲ್ಲಿ ಅಂಗೈ ಸುಟ್ಟುಕೊಂಡ ಮೇಲೆ ನನ್ನ ಅಮ್ಮ ಹಾಗೆ ಸವರುತ್ತಿದ್ದಳು. ನಾನು ಮಕ್ಕಳಿಗೆ ಅದನ್ನು ಕಲಿಸಿರಲಿಲ್ಲ.

ಮಗು ತಾನಾಗಿಯೇ ಹಾಗೆ ಮಾಡಿರಬಹುದು. ದಾರಿಹೋಕ ಮುದುಕಿ ಯಾರೋ ಕರೆದು ಕೂರಿಸಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈಗ ಪ್ರತಿ ಆಟಿಯಲ್ಲೂ, ನಿಯಮ ತಪ್ಪದೆ, ಎದುರಿನ ಸಾಲಿಗೂ ಕಾಯಿ ತುಂಬಿಸಿ ಕೂರುತ್ತೇನೆ. ಯಾರೂ ಬರುವುದಿಲ್ಲ. ನನ್ನ ಜ್ವರಕ್ಕೂ ಮುರಿಯದ ನಿಯಮವನ್ನು ಅಮ್ಮ ಆ ಮಗುವಿಗಾಗಿ ಮುರಿದಳೇ? ನಿಜವಾದರೆ ನನಗೆ ಸಂತೋಷ, ಸ್ವಲ್ಪ ಹೊಟ್ಟೆಕಿಚ್ಚು ಕೂಡ.