ಅರವತ್ತು ಕೆ.ಜಿ.ಯ ಹಸಿವು

ಇಚಿಲಂಪಾಡಿಯ ಹರ್ಷಿತ್‌ಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಹಗಲಿಗೆ ಕಡಬದ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಗ್ರಿಲ್ಲುಗಳ ಕೆಲಸ, ಸಂಜೆಗೆ ಕಬಡ್ಡಿ. ರೈಡಿಗೆ ಹೋದರೆ ಯಾರನ್ನಾದರೂ ಮುಟ್ಟಿಯೇ ಬರುತ್ತಾನೆ ಎಂದು ಸುತ್ತಲ ಊರುಗಳಲ್ಲಿ ಹೆಸರು. ಅರವತ್ತು ಕೆ.ಜಿ. ವಿಭಾಗದಲ್ಲಿ ಅವನ ತಂಡಕ್ಕೆ ಅವನೇ ಬಲ. ಆದರೆ ವೆಲ್ಡಿಂಗ್ ಕೆಲಸದಲ್ಲಿ ತೋಳು ತುಂಬಿಕೊಂಡ ಮೇಲೆ ಅವನ ಮೈ ಅರವತ್ತರೊಳಗೆ ನಿಲ್ಲಲು ಒಪ್ಪುತ್ತಿರಲಿಲ್ಲ.

ನೆಲ್ಯಾಡಿಯ ಪಂದ್ಯಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ ಊಟ ಬಿಟ್ಟ. ನೀರನ್ನೂ ಗುಟುಕು ಗುಟುಕಾಗಿಯೇ ಕುಡಿದ. ಮೊದಲ ದಿನ ಹೊಟ್ಟೆ ಚುರುಗುಟ್ಟಿತು. ಮರುದಿನ ಹೊಟ್ಟೆ ಸುಮ್ಮನಾಯಿತು, ಕಣ್ಣು ಮೂಗುಗಳಿಗೆ ಹಸಿವು ಹತ್ತಿತು. ರಸ್ತೆಯಾಚೆಯ ಹೋಟೆಲಿನಲ್ಲಿ ಗೋಳಿಬಜೆ ಎಣ್ಣೆಗೆ ಬಿದ್ದರೆ ಇಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಅವನ ಕೈ ನಿಲ್ಲುತ್ತಿತ್ತು. ಸಿಹಿ ಕಂಡರೆ ಮುಖ ತಿರುಗಿಸುತ್ತಿದ್ದವನು ಬೇಕರಿಯ ಗಾಜಿನ ಮುಂದೆ ಹೆಜ್ಜೆ ನಿಧಾನ ಮಾಡಿದ. ಅಂದು ಅಳತೆ ತಪ್ಪಿ ಪೈಪು ಕಡಿದ. ಮಾಲಕ ಆದಂ ಕುಂಞಿ ಬೈಯದೆ ಮನೆಗೆ ಕಳಿಸಿದರು. ಮನೆಯಲ್ಲೂ ಅಡುಗೆಕೋಣೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಕೋಣೆಗೆ ತಿರುಗಿದ್ದೇ ಆಯಿತು.

ಪಂದ್ಯದ ದಿನ ತಾಯಿ ನೀಲಾವತಿ ಫ್ಲಾಸ್ಕಿನಲ್ಲಿ ತೆಳು ಗಂಜಿ ತುಂಬಿಸಿ ಕೊಟ್ಟರು.

"ತೂಕ ಆದ ಕೂಡ್ಲೆ ಇದನ್ನು ಕುಡಿ. ಬೇರೆ ಎಂತದೂ ತಿನ್ಬೇಡ," ಎಂದರು. ಅವನು ತಲೆಯಾಡಿಸಿದ. ಆಗ ಅವನಿಗೂ ಅದೇ ಮನಸ್ಸಿತ್ತು.

ಮಧ್ಯಾಹ್ನ ತೂಕದ ಯಂತ್ರ ಸ್ವಲ್ಪ ಹೆಚ್ಚೇ ತೋರಿಸಿತು. ತಂಡದ ನಾಯಕ ಕಿಶನ್ ಅವನಿಗೆ ರೈನ್‌ಕೋಟು ಹಾಕಿಸಿ, ಉರಿಬಿಸಿಲಿನಲ್ಲಿ ಮೈದಾನ ಸುತ್ತಿಸಿದ. ಬೆವರು ಹರಿದು ಎರಡನೇ ಸಲ ತೂಕ ಸರಿಯಾಯಿತು. ಹರ್ಷಿತ್ ಚೀಲ ಹೆಗಲಿಗೇರಿಸಿ ಗಂಜಿ ಕುಡಿಯಲು ನೆರಳು ಹುಡುಕುತ್ತಾ ಹೊರಟ. ಮೈದಾನದ ಅಂಚಿನಲ್ಲಿ ಅಂಗಡಿಗಳ ಸಾಲು. ಫ್ಲಾಸ್ಕಿನ ಮುಚ್ಚಳ ತೆರೆಯುವ ಮೊದಲೇ ಕೈಯಲ್ಲಿ ಕ್ರೀಮ್ ಬನ್ ಇತ್ತು. ಅದು ಮುಗಿಯುವಾಗ ಕೋಳಿ ಕಬಾಬು ಬಂತು, ಅದರ ಮೇಲೆ ಸೋಡಾ, ಮತ್ತೆ ಬನ್. ಅಗಿದದ್ದಕ್ಕಿಂತ ನುಂಗಿದ್ದೇ ಹೆಚ್ಚು.

ಹೊಟ್ಟೆ ಬಿರಿಯುವಷ್ಟಾದಾಗ ಕೈ ತಾನಾಗಿ ನಿಂತಿತು. ಅರ್ಧ ಉಳಿದ ಬನ್ ನೋಡಿದರೆ ವಾಕರಿಕೆ. ಇಷ್ಟು ಹೊತ್ತು ಪ್ರಾಣದಂತೆ ಕಂಡದ್ದು ಇದೇನಾ ಎಂದು ಅವನಿಗೇ ಅಂಜಿಕೆಯಾಯಿತು.

ಸಂಜೆಯ ಆಟದಲ್ಲಿ ಮೊದಲ ರೈಡು ಹೇಗೋ ದಾಟಿತು. ದ್ವಿತೀಯಾರ್ಧದಲ್ಲಿ, ತಂಡ ಒಂದೇ ಅಂಕದಿಂದ ಹಿಂದಿದ್ದಾಗ, ಬಾಗಿ ತಿರುಗಬೇಕಾದ ಗಳಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡಿತು. ಎದುರಾಳಿಗಳು ಸೊಂಟ ಹಿಡಿದು ಕೆಡವಿದರು. ಆಟ ಕೈತಪ್ಪಿತು. ಶಾಮಿಯಾನದ ಹಿಂದೆ ಅವನು ವಾಂತಿ ಮಾಡುತ್ತಿದ್ದಾಗ ಕಿಶನ್ ನೀರಿನ ಬಾಟಲಿ ಕೊಟ್ಟು ಹೋದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಭವಿತಾ ಆ ಭಾನುವಾರ ಮನೆಗೆ ಬಂದಳು. ತನ್ನ ಮನಸ್ಸು ಇಷ್ಟು ಪೊಳ್ಳೆಂದು ಗೊತ್ತಿರಲಿಲ್ಲ ಎಂದು ಅವನು ಅವಳಲ್ಲಿ ಹೇಳಿಕೊಂಡ.

"ಮನಸ್ಸಿನ ತಪ್ಪಲ್ಲ ಮಾರಾಯ," ಎಂದಳು ಅವಳು. "ಹೊಟ್ಟೆ ಖಾಲಿ ಉಂಟು ಅಂತ ಮೆದುಳಿಗೆ ಸುದ್ದಿ ಹೋಗ್ತದೆ. ಆಮೇಲೆ ಅದು ಸಿಹಿ, ಎಣ್ಣೆಯದ್ದನ್ನೇ ಹುಡುಕುದು. ಹೊಟ್ಟೆ ತುಂಬಿದ ಮೇಲೆ ಮೆದುಳಿಗೇ ಅದೆಲ್ಲ ಬೇಡ. ನೀನು ಉಪವಾಸ ಕೂತು ಅದರೊಟ್ಟಿಗೆ ಜಗಳಕ್ಕೆ ನಿಂತ್ರೆ ಗೆಲ್ಲುದು ಅದೇ."

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಒಂದು ದಿನ ಬೇಕೆಂದೇ ಬೆಳಗಿನ ತಿಂಡಿ ಬಿಟ್ಟು ಕಡಬದ ಬೇಕರಿಯ ಮುಂದೆ ನಿಂತ. ಗಾಜಿನೊಳಗಿನದ್ದೆಲ್ಲ ಹೊಳೆಯಿತು, ಬಾಯಲ್ಲಿ ನೀರೂರಿತು. ಮರುದಿನ ಮಧ್ಯಾಹ್ನ ಮೀನುಸಾರಿನ ಊಟ ಮಾಡಿ ಅಲ್ಲೇ ಹೋದ. ಎಲ್ಲವೂ ನಿನ್ನೆಯ ಜಾಗದಲ್ಲೇ ಇದ್ದವು, ಆದರೆ ಬಣ್ಣದ ಹಿಟ್ಟಿನ ಮುದ್ದೆಗಳಂತೆ ಕಂಡವು. ಅಕ್ಕ ಹೇಳಿದ್ದು ನಿಜವೆಂದು ಸಮಾಧಾನವಾಗುವ ಬದಲು ಅವನಿಗೆ ಚಡಪಡಿಕೆ ಹೆಚ್ಚಾಯಿತು. ಅರವತ್ತರಲ್ಲಿ ಆಡಬೇಕಾದರೆ ಪ್ರತಿ ಸಲ ಉಪವಾಸ ಕೂತು, ಹಸಿದಾಗ ಎದ್ದು ಬರುವ ಆ ಇನ್ನೊಬ್ಬ ಹರ್ಷಿತ್‌ನ ಕೈಗೆ ಸಿಗಬೇಕು.

ಎರಡು ವಾರ ಯೋಚಿಸಿ ಕಿಶನ್‌ಗೆ ಹೇಳಿದ: "ನಾನು ಇನ್ನು ಅರವತ್ತೈದರಲ್ಲಿ ಆಡುದು."

ಎರಡೂ ವಿಭಾಗಗಳ ತಂಡ ನಡೆಸುತ್ತಿದ್ದ ಕಿಶನ್ ಒಪ್ಪಲಿಲ್ಲ. ಅಲ್ಲಿ ರೈಡಿಗೆ ಯತಿನ್ ಇದ್ದಾನೆ, ನೀನು ಹೊರಗೆ ಕೂರಬೇಕಾದೀತು ಎಂದ. ಕೂರುತ್ತೇನೆ ಎಂದ ಹರ್ಷಿತ್. ಕೂರುವುದು ಎಷ್ಟು ಕಷ್ಟವೆಂದು ತಿಳಿದದ್ದು ಸುಬ್ರಹ್ಮಣ್ಯದ ಪಂದ್ಯದಲ್ಲಿ. ಬೆಳಿಗ್ಗೆ ಗಂಜಿ, ಚಟ್ನಿ ಉಂಡು ಬಂದಿದ್ದ. ಅಂಗಡಿಗಳ ವಾಸನೆ ಬಂದರೂ ಅತ್ತ ನೋಡುವ ಮನಸ್ಸಾಗಲಿಲ್ಲ. ಆದರೆ ಯತಿನ್‌ನ ಪ್ರತಿ ರೈಡಿಗೂ ಎದ್ದು ನಿಂತ, ಕೂತ, ಮತ್ತೆ ಎದ್ದ. ಆಟ ಮುಗಿಯಲು ಸ್ವಲ್ಪವೇ ಉಳಿದಾಗ ಯತಿನ್‌ನ ಮಂಡಿ ಉಳುಕಿತು. ಕಿಶನ್ ಇವನತ್ತ ಕೈ ಮಾಡಿದ.

ಹರ್ಷಿತ್ ಮಣ್ಣು ಮುಟ್ಟಿ ಗೆರೆ ದಾಟಿದ. ಎದುರು ಇವನಿಗಿಂತ ದಪ್ಪಗಿನ ಆಳುಗಳು. ಬಾಗಿ ತಿರುಗುವಾಗ ಸೊಂಟ ಹೇಳಿದ ಹಾಗೆ ಕೇಳಿತು. ಇಬ್ಬರನ್ನು ಮುಟ್ಟಿ ಮರಳಿದ. ಅಂದು ತಂಡ ಗೆದ್ದಿತು. ಮುಂದಿನ ಪಂದ್ಯಕ್ಕೆ ಯಾರು ಹೊರಗೆ, ಯಾರು ಒಳಗೆ ಎಂದು ಕಿಶನ್ ಇನ್ನೂ ಹೇಳಿಲ್ಲ.