ಡಬಲ್ ಬೆಲ್ ಆಗದೆ ಹೊರಡದ ಲಾರಿ

ನಮ್ಮ ಯುದ್ಧ ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಹೊತ್ತು ಮುಳುಗುವ ಮುಂಚೆ ಮುಗಿಯುತ್ತದೆ. ಗೆಲ್ಲುವ ಹಂತದಲ್ಲಿದ್ದರೂ ಅಷ್ಟೇ, ಸೋಲುವ ಹಂತದಲ್ಲಿದ್ದರೂ ಅಷ್ಟೇ. ಪಲ್ಟನ್ನಿನ ನಾಯಕನಾದ ನಾನು ಮತ್ತು ಮೆಷಿನ್‌ಗನ್ ಹೊರುವ ಸಾಂಗಲಿಯ ಅರಿಸಿನ ವ್ಯಾಪಾರಿ, ಇಬ್ಬರೂ ಜೈನರು. ಕತ್ತಲಾದ ಮೇಲೆ ಊಟ ಮಾಡುವ ಹಾಗಿಲ್ಲ. ಮನೆಯಲ್ಲಿ ತಾಟು ಹಾಕಿಕೊಂಡು ಕಾಯುವವರ ಎದುರು ಯಾವ ಸೈನ್ಯದ ಆಟವೂ ನಡೆಯುವುದಿಲ್ಲ.

ರಣರಂಗ ಎಂದರೆ ಮಿರಜ ಬಸ್ ಸ್ಟ್ಯಾಂಡಿನ ಎದುರು, ಮೊದಲ ಮಹಡಿಯಲ್ಲಿರುವ ನನ್ನ ಕಂಪ್ಯೂಟರ್ ಕ್ಲಾಸು. ವಾರವೆಲ್ಲ ಅಲ್ಲಿ ಮರಾಠಿ ಟೈಪಿಂಗ್ ಕಲಿಯುವವರ ಟಕಟಕ ನಡೆದಿರುತ್ತದೆ. ಭಾನುವಾರ ಅದೇ ಹನ್ನೆರಡು ಕಂಪ್ಯೂಟರುಗಳ ಮುಂದೆ ಬೆಳೆದು ದೊಡ್ಡವರಾದ ಗಂಡಸರು, ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇವೆ. ಇದು ಓಡುತ್ತ ಗುಂಡು ಹಾರಿಸಿ, ಸತ್ತು, ಮತ್ತೆ ಎದ್ದು ಓಡುವ ಆಟವಲ್ಲ. ಇಲ್ಲಿ ಒಂದು ಗುಂಡು ಬಿತ್ತೆಂದರೆ ಮುಗಿಯಿತು, ಯಾರಾದರೂ ಬಂದು ಪಟ್ಟಿ ಕಟ್ಟುವವರೆಗೆ ಬಿದ್ದುಕೊಂಡಿರಬೇಕು. ನಕಾಶೆ ನೋಡಿ ದಾರಿ ಹುಡುಕಬೇಕು, ರೇಡಿಯೋದಲ್ಲಿ ಸರಿಯಾದ ರೀತಿಯಲ್ಲಿ ಮಾತಾಡಬೇಕು. ನಿಜ ಹೇಳಬೇಕೆಂದರೆ ಆಟದ ಮುಕ್ಕಾಲು ಪಾಲು ಕಾಲ್ನಡಿಗೆ, ಉಳಿದದ್ದು ಕಾಯುವುದು. ಗುಂಡು ಹಾರುವುದು ಉಪ್ಪಿನಕಾಯಿಯಷ್ಟೇ.

ನನ್ನ ತಾಯಿಗೆ ಇದನ್ನು ವಿವರಿಸಿ ಸೋತಿದ್ದೇನೆ. "ಇರುವಿ ತುಳದೇವಂತ ನೆಲಾ ನೋಡಿ ನಡಿಯೂ ಮಂದಿ ನಾವು. ನೀ ಅಲ್ಲಿ ಕುಂತು ಮನಶ್ಯಾರನ್ನ ಹೊಡಿತಿ?" ಎನ್ನುತ್ತಾಳೆ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು ಎಂದು ಹೇಳಿದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತದೆ.

ಹೊಸಬರು ಬಂದಾಗ ಅವರಿಗೆ ಪಾಠ ಹೇಳುವ ಕೆಲಸ ನನ್ನದು. ಆ ಅಧಿಕಾರವನ್ನು ನನಗೆ ನಾನೇ ಕೊಟ್ಟುಕೊಂಡಿದ್ದೇನೆ. ನಾನು ಸೈನ್ಯದಲ್ಲಿ ಇದ್ದವನಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಒಂದೇ ಒಂದು ಕ್ಯಾಂಪಿಗೆ ಹೋಗಿದ್ದೆ, ಅಲ್ಲಿ ಮೂರು ದಿನವೂ ಹೊಟ್ಟೆ ಕೆಟ್ಟು ಮಲಗಿದ್ದೆ. ಆದರೂ ಹೊಸಬರ ಮುಂದೆ ಕೈ ಹಿಂದೆ ಕಟ್ಟಿಕೊಂಡು ಓಡಾಡುವಾಗ ನನ್ನ ದನಿ ತಾನಾಗಿಯೇ ಗಡುಸಾಗುತ್ತದೆ. ಸಿಟ್ಟು ಬೇರೆ ಮೂಗಿನ ತುದಿಯಲ್ಲಿ.

ಬಂದವರೆಲ್ಲ ಮೊದಲ ದಿನ ದೂರದಿಂದ ಹೊಡೆಯುವ ದುರ್ಬೀನಿನ ಬಂದೂಕನ್ನೇ ಕೇಳುತ್ತಾರೆ. ರೇಡಿಯೋ ಕೊಟ್ಟರೆ "ಹಲೋ, ಹಲೋ, ಕೇಳಾಕತ್ತೇತೇನ್ರಿ?" ಎಂದು ಕೂಗುತ್ತಾರೆ. ಎರಡು ಕುರ್ಚಿ ಆಚೆ ಕೂತವನಿಗೆ ರೇಡಿಯೋ ಇಲ್ಲದೆಯೂ ಕೇಳಿಸುತ್ತಿರುತ್ತದೆ. ಪಕ್ಕದವರ ಪರದೆಯನ್ನು ಇಣುಕಿ ನೋಡುತ್ತಾರೆ, ಅದಕ್ಕೇ ಸೀರೆ ಅಂಗಡಿಯ ರಟ್ಟಿನ ಪೆಟ್ಟಿಗೆ ಹರಿದು ಕಂಪ್ಯೂಟರುಗಳ ನಡುವೆ ಗೋಡೆ ಮಾಡಿದ್ದೇವೆ. ಇವೆಲ್ಲ ನೋಡಿ ನೋಡಿ ನಾನೊಂದು ಕಟ್ಟುನಿಟ್ಟಿನ ನಿಯಮ ಮಾಡಿದೆ. ಹೊಸಬರಿಗೆ ಮೂರು ಭಾನುವಾರ ಪರೀಕ್ಷೆ. ಆ ಮೂರು ವಾರ, ನಾನು ಕರೆದ ಹೊರತು ರೇಡಿಯೋದಲ್ಲಿ ಉಸಿರೆತ್ತುವ ಹಾಗಿಲ್ಲ. ಮೂರನೆಯ ವಾರದ ಕೊನೆಗೆ ಇರಬೇಕೋ ಹೋಗಬೇಕೋ ಎಂದು ಹೇಳುವವನೂ ನಾನೇ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಇಬ್ಬರು ಹೊಸಬರು ಒಟ್ಟಿಗೆ ಬಂದರು. ಒಬ್ಬ ಬ್ಯಾಂಕಿನ ಕ್ಲರ್ಕು, ಬಾಯಿ ಮುಚ್ಚಿ ಗೊತ್ತಿಲ್ಲದವನು. ಇನ್ನೊಬ್ಬರು ಅರವತ್ತು ದಾಟಿದ ಕಾಕಾ. ನಮ್ಮಲ್ಲಿ ಪಟ್ಟಿ ಕಟ್ಟುವ ಕೆಲಸ ಮಾಡುವವಳು ಮಿರಜದ ಆಸ್ಪತ್ರೆಯೊಂದರ ನರ್ಸು. ವಾರವೆಲ್ಲ ಅದನ್ನೇ ಮಾಡಿ ಭಾನುವಾರವೂ ಅದನ್ನೇ ಮಾಡುತ್ತೀಯಲ್ಲ ಎಂದು ನಾವು ಅವಳನ್ನು ಕಾಡುತ್ತೇವೆ. ಕಾಕಾ ಅವಳ ತಂದೆ. ಮಿರಜದ ಹತ್ತಿರದ ಆರಗ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ.

ನರ್ಸು ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ದಾದಾ, ಅಪ್ಪಾಗ ಬಂದೂಕು ಬ್ಯಾಡ. ನಿಮ್ಮ ಆಟದಾಗ ಲಾರಿ ಐತೆಲ್ಲ, ಅದನ್ನ ಕೊಡ್ರಿ."

ಲಾರಿ ಇತ್ತು. ಸಾಮಾನು ಮತ್ತು ಜನರನ್ನು ಸಾಗಿಸುವ ಆ ಲಾರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳು ಉಳಿದದ್ದನ್ನೂ ಹೇಳಿದಳು. ಕಾಕಾ ಮೂವತ್ತು ವರ್ಷ ಕೆಂಪು ಬಸ್ಸಿನ ಡ್ರೈವರ್. ಎರಡು ವರ್ಷದ ಹಿಂದೆ ಒಂದು ದಿನ ಮಿರಜದಿಂದ ಆರಗಕ್ಕೆ ಬಸ್ಸು ಒಯ್ದರು. ದಾರಿಯಲ್ಲಿ ಬಲಗಡೆ ಬಂದ ಸೈಕಲ್ಲು ಅವರ ಕಣ್ಣಿಗೆ ಬೀಳಲೇ ಇಲ್ಲ. ಕೂದಲೆಳೆಯಲ್ಲಿ ತಪ್ಪಿತು. ಆರಗದ ಸ್ಟಾಪಿನಲ್ಲಿ ಇಳಿದು, ಬಲಗಣ್ಣು ಮಸುಕಾಗಿದೆ, ಇನ್ನು ನಾನು ಓಡಿಸುವುದಿಲ್ಲ ಎಂದು ಕಂಡಕ್ಟರನಿಗೆ ತಾವೇ ಹೇಳಿದರು. ಬೇರೆ ಡ್ರೈವರ್ ಬಂದ. ಕಾಕಾ ತಮ್ಮದೇ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು ಮಿರಜಕ್ಕೆ ಮರಳಿದರು. ಆಮೇಲೆ ಸ್ಟೇರಿಂಗ್ ಹಿಡಿದದ್ದಿಲ್ಲ.

"ಹೋಗೂ ಟ್ರಿಪ್ ಆಗೇತಿ, ಬರೂ ಟ್ರಿಪ್ ಹಂಗ ಉಳದೈತಿ ಅಂತಾರ್ರಿ," ಎಂದಳು. "ದಿನಾ ಅದ ಮಾತು. ಒಂದ ಟ್ರಿಪ್ಪು, ದಾದಾ. ಆಟದಾಗ ಆದರೂ ಆಗ್ಲಿ."

"ಮೂರು ವಾರದ ನಿಯಮ ಎಲ್ಲರಿಗೂ ಒಂದೇ," ಎಂದೆ. ದೊಡ್ಡ ಮನುಷ್ಯ ನಾನು!

ಲಾರಿಯನ್ನೇನೋ ಕೊಟ್ಟೆ. ಯಾರೋ ಕೊಟ್ಟು ಮರೆತಿದ್ದ ಆಟದ ಸ್ಟೇರಿಂಗ್ ಮತ್ತು ಪೆಡಲ್ಲು ಕಪಾಟಿನಲ್ಲಿದ್ದವು. ಧೂಳು ಒರೆಸಿ ಜೋಡಿಸಿಕೊಟ್ಟೆ. ಕಾಕಾ ಕೂತು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಪರದೆ ನೋಡಿ ಗಾಬರಿಯಾದರು. "ಏನ್ ಸರ್ ಇದು, ಸ್ಟೇರಿಂಗು ಕಂಡಕ್ಟರನ ಕಡೆ ಕೂಡ್ಸ್ಯಾರಲ್ಲ!" ಪರದೇಶದ ಲಾರಿ, ಸ್ಟೇರಿಂಗ್ ಎಡಕ್ಕೇ ಇರುತ್ತದೆ ಎಂದೆ. ಪರದೇಶವಾದರೂ ಅವರು ರಸ್ತೆಯ ಎಡಗಡೆಯೇ ಹೋದರು. ಎದುರಿಗೆ ಬಂದ ನಮ್ಮದೇ ಜೀಪಿನವನು ಹೊಲಕ್ಕೆ ಇಳಿಯಬೇಕಾಯಿತು.

ಅದಕ್ಕೂ ಮುಂಚೆ ಒಂದು ಪೇಚಾಟವಾಗಿತ್ತು. ನಾವೆಲ್ಲ ಲಾರಿ ಹತ್ತಿ ಕೂತರೂ ಲಾರಿ ಕದಲಲಿಲ್ಲ.

"ಹೋಗ್ರಿ ಕಾಕಾ," ಎಂದೆ.

"ಡಬಲ್ ಬೆಲ್ ಆಗಿಲ್ರಿ."

ಕಂಡಕ್ಟರ್ ಹಗ್ಗ ಎಳೆದು ಒಂದು ಸಲ ಗಂಟೆ ಬಾರಿಸಿದರೆ ನಿಲ್ಲಬೇಕು, ಎರಡು ಸಲ ಬಾರಿಸಿದರೆ ಹೊರಡಬೇಕು. ಮೂವತ್ತು ವರ್ಷ ಆ ಎರಡು ಗಂಟೆ ಕೇಳದೆ ಅವರ ಕಾಲು ಪೆಡಲ್ ಒತ್ತಿರಲಿಲ್ಲ. ಬ್ಯಾಂಕಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೈನ್ಯದಲ್ಲಿ ಬೆಲ್ ಇರುವುದಿಲ್ಲ, ನಾಯಕನ ಮಾತೇ ಬೆಲ್ಲು ಎಂದು ನಾನು ಗಡುಸಾಗಿ ಹೇಳಿದೆ. ಕಾಕಾ "ಆತ್ರಿ" ಎಂದರು, ಆದರೆ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ.

ಎರಡನೆಯ ವಾರ ಅನಾಹುತವಾಯಿತು. ಕಂಪ್ಯೂಟರೇ ಆಡಿಸುವ ಶತ್ರು ಇರುವ ಗುಡ್ಡದ ಬುಡದಲ್ಲಿ ಸದ್ದಿಲ್ಲದೆ ದಾಟಬೇಕಿತ್ತು. ಅರ್ಧ ತಾಸು ಯೋಜನೆ ಹಾಕಿ, ಎಲ್ಲರ ಉಸಿರೂ ಹಿಡಿಸಿ, ಲಾರಿಯನ್ನು ಮೆಲ್ಲಗೆ ತರಿಸಿದ್ದೆ. ತಿರುವು ಬಂತು. ಕಾಕಾ ತಿರುವಿನಲ್ಲಿ ನಿಯಮ ತಪ್ಪದೆ ಹಾರ್ನ್ ಹೊಡೆದರು. ಅದೂ ಉದ್ದಕ್ಕೆ, ಎದುರಿನ ಎತ್ತಿನ ಗಾಡಿಯವನು ಎಚ್ಚೆತ್ತುಕೊಳ್ಳುವ ಹಾಗೆ. ಗುಡ್ಡದ ಮೇಲಿನಿಂದ ಗುಂಡಿನ ಮಳೆಯೇ ಸುರಿಯಿತು. ಅರಿಸಿನ ವ್ಯಾಪಾರಿ ಮೊದಲು ಸತ್ತ, ನಾನು ಎರಡನೆಯವನು.

ನನಗೆ ಮೈಯೆಲ್ಲ ಉರಿಯಿತು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು, ಎಲ್ಲರೆದುರೇ ಬಾಯಿಗೆ ಬಂದದ್ದನ್ನು ಅಂದೆ. ಆಜ್ಞೆ ಕೊಡುವಾಗ ನಮ್ಮದು ಅರ್ಧ ಮರಾಠಿ, ಬೈಯುವಾಗ ಮಾತ್ರ ನನ್ನ ಕನ್ನಡ ಬಹಳ ಸ್ವಚ್ಛವಾಗುತ್ತದೆ. "ಕಾಕಾ, ನಿಮಗಿನ್ನ ಗಾಡಿ ನಡ್ಸೂದು ಆಗೂದಿಲ್ಲ. ಸುಮ್ನ ಮನ್ಯಾಗ ಕುಂದ್ರಿ."

ಹೇಳಿದ ಮರುಗಳಿಗೆ ನನಗೇ ಕೇಳಿಸಿತು ನಾನು ಏನು ಹೇಳಿದೆನೆಂದು. ಕಾಕಾ ಎದ್ದು, ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ, ಮೆಟ್ಟಿಲಿಳಿದು ಹೋದರು. ನರ್ಸು ಆಸ್ಪತ್ರೆಯ ಪಾಳಿಗಾಗಿ ಆ ವಾರ ಬಂದಿರಲಿಲ್ಲ, ಅಷ್ಟು ಪುಣ್ಯ ನನ್ನದು. ಮೇಜಿನ ಮೇಲೆ ಕನ್ನಡಕದ ಡಬ್ಬಿ ಉಳಿದಿತ್ತು.

ಡಬ್ಬಿ ಹಿಡಿದುಕೊಂಡು ಸ್ಟ್ಯಾಂಡಿಗೆ ಓಡಿದೆ. ಆರಗದ ಬಸ್ಸು ನಿಂತಿತ್ತು, ಕಾಕಾ ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಹತ್ತಿ ಹತ್ತಿರ ಹೋದೆ. ಏನು ಹೇಳಬೇಕೆಂದು ತಡವರಿಸುವಷ್ಟರಲ್ಲಿ ಹಿಂದಿನಿಂದ ಟಿಣ್ ಟಿಣ್ ಎಂದಿತು. ಆಗ ನೋಡಿದೆ: ಕಾಕಾ ಅವರ ಬಲಗಾಲು ಬಸ್ಸಿನ ತಗಡಿನ ನೆಲವನ್ನು ಮೆಲ್ಲಗೆ ಒತ್ತಿತು. ಬಸ್ಸು ಕದಲಿತು. ತಾವೇ ಕದಲಿಸಿದ ಹಾಗೆ ಅವರು ಮುಂದಿನ ರಸ್ತೆ ನೋಡುತ್ತಿದ್ದರು.

"ಡಬ್ಬಿ ಬಿಟ್ಟಿದ್ರಿ ಕಾಕಾ," ಎಂದೆ. "ಬರೂ ವಾರ ಬರ್ರಿ. ನಂದ ತಪ್ಪಾತು."

ಅವರು ಡಬ್ಬಿ ತೆಗೆದುಕೊಂಡು, "ಸರ್, ಮೊದಲ ಇಳೀರಿ. ಟಿಕೆಟ್ ಇಲ್ಲದ ನಿಂತೀರಿ," ಎಂದರು. ಕಂಡಕ್ಟರ್ ಒಂದು ಬೆಲ್ ಹೊಡೆದು, ನನ್ನನ್ನು ಬೈಯುತ್ತ ಇಳಿಸಿದ. ನಾನು ಮಾರ್ಕೆಟ್ಟಿನವರೆಗೆ ಹೋಗಿಬಿಟ್ಟಿದ್ದೆ, ಅಲ್ಲಿಂದ ನಡೆದುಕೊಂಡು ಬಂದೆ.

ಮೂರನೆಯ ಭಾನುವಾರ ಎರಡು ಗಂಟೆಗೆ ಕಾಕಾ ಬರಲಿಲ್ಲ. ಎರಡೂವರೆಗೂ ಇಲ್ಲ. ಕಿಟಕಿಯಿಂದ ಸ್ಟ್ಯಾಂಡಿನ ಕಡೆ ಎಷ್ಟು ಸಲ ನೋಡಿದೆನೋ, ನರ್ಸೇ ನನಗೆ "ಬರ್ತಾರ ದಾದಾ, ಕುಂದ್ರಿ" ಎಂದಳು. ಕೊನೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಬಸ್ಸು ತಡವಾಗಿತ್ತಂತೆ. ಈಗಿನ ಡ್ರೈವರುಗಳಿಗೆ ಗೇರು ಹಾಕಲು ಬರುವುದಿಲ್ಲ ಎಂದು ಗೊಣಗುತ್ತ ಕೂತರು.

ಆ ದಿನದ ಕೆಲಸ, ಶತ್ರುವಿನ ಹಳ್ಳಿಯೊಂದರಲ್ಲಿ ಸಿಕ್ಕಿಕೊಂಡ ನಮ್ಮವರನ್ನೆಲ್ಲ ಲಾರಿಯಲ್ಲಿ ಹಿಂದಕ್ಕೆ ತರುವುದು. ಮರಳಿ ಬರುವ ದಾರಿ ಮಾತ್ರ. ಇದನ್ನು ನಾನು ಬೇಕೆಂದೇ ಆರಿಸಿದ್ದೆ, ಯಾರಿಗೂ ಹೇಳಿರಲಿಲ್ಲ.

ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ಹೊರಡುವ ಹೊತ್ತಿಗೆ ಹಳ್ಳಿಯ ಆಚೆ ಶತ್ರುವಿನ ಟ್ಯಾಂಕು ಕಾಣಿಸಿತು. ಕಿಟಕಿಯ ಆಚೆ ನಿಜವಾದ ಸೂರ್ಯನೂ ಕೆಂಪಾಗಿದ್ದ, ಅರಿಸಿನ ವ್ಯಾಪಾರಿಯ ಫೋನು ಮನೆಯಿಂದ ಎರಡು ಸಲ ಗುರುಗುಟ್ಟಿತ್ತು. ನಾನು ಲಾರಿ ಹತ್ತಿ ರೇಡಿಯೋದಲ್ಲಿ ಕೂಗಿದೆ. "ಹೊಂಡ್ರಿ!"

ಲಾರಿ ಕದಲಲಿಲ್ಲ.

"ಕಾಕಾ, ಟ್ಯಾಂಕ್ ಬಂತು, ಹೊಂಡ್ರಿ!"

"ಬೆಲ್ ಆಗಿಲ್ರಿ," ಎಂದರು ಕಾಕಾ ತಣ್ಣಗೆ. "ಹಿಂದ ಎಲ್ಲಾರೂ ಹತ್ಯಾರೇನು, ಎಣಸ್ರಿ."

ಸಿಟ್ಟು ನೆತ್ತಿಗೇರಿತು. ಆದರೆ ಬಸ್ಸಿನ ನೆಲ ಒತ್ತಿದ ಆ ಕಾಲು ನೆನಪಾಗಿ ಹಲ್ಲು ಕಚ್ಚಿಕೊಂಡು ಎಣಿಸಿದೆ. ಒಬ್ಬ ಕಡಿಮೆ. ಮತ್ತೆ ಎಣಿಸಿದೆ. ಬ್ಯಾಂಕಿನವನು ಇಲ್ಲ.

ಅವನ ಹೆಸರು ಹಿಡಿದು ಕರೆದೆ. "ಇಲ್ಲೇ ಅದೀನ್ರಿ ಸರ್, ಬಾವಿ ಹಿಂದ. ಕಾಲಿಗೆ ಗುಂಡು ಬಿದ್ದೈತಿ," ಎಂಬ ಸಣ್ಣ ದನಿ ಬಂತು. ಯಾವಾಗಿನಿಂದ? ಹತ್ತು ನಿಮಿಷದಿಂದ. ಯಾಕೆ ಹೇಳಲಿಲ್ಲ? "ನೀವು ಕರದಿರಲಿಲ್ಲರಿ."

ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯ, ನನ್ನ ನಿಯಮ ಪಾಲಿಸಿ ಹತ್ತು ನಿಮಿಷ ಸುಮ್ಮನೆ ಬಿದ್ದಿದ್ದ. ನಾನು ಅವನನ್ನು ಬಿಟ್ಟು ಹೊರಟಿದ್ದೆ. ನಾಚಿಕೆ ಎಂದರೆ ಏನೆಂದು ನನಗೆ ಆ ಕುರ್ಚಿಯಲ್ಲಿ ಗೊತ್ತಾಯಿತು.

ನರ್ಸು ಲಾರಿಯಿಂದ ಇಳಿದು ಓಡಿ, ಪಟ್ಟಿ ಕಟ್ಟಿ ಅವನನ್ನು ಎಳೆದು ತಂದಳು. ವ್ಯಾಪಾರಿ ಮೆಷಿನ್‌ಗನ್ನಿನಿಂದ ಕಾವಲು ಕೊಟ್ಟ, ಮನೆಯ ಫೋನು ಮೂರನೆಯ ಸಲ ಗುರುಗುಟ್ಟಿದರೂ ಎತ್ತಲಿಲ್ಲ. ಇಬ್ಬರೂ ಹತ್ತಿದರು. ನಾನು ಎಣಿಸಿದೆ. ಎಲ್ಲರೂ ಇದ್ದರು.

ಈಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮೇಜಿನ ಮೇಲೆ ಚಹಾ ಕುಡಿದಿಟ್ಟ ಗಾಜಿನ ಗ್ಲಾಸಿತ್ತು. ಮೈಕಿನ ಹತ್ತಿರ ಹಿಡಿದು ಪೆನ್ನಿನಿಂದ ಎರಡು ಸಲ ಬಡಿದೆ.

ಟಿಣ್ ಟಿಣ್.

ಲಾರಿ ಹೊರಟಿತು. ಗೇರು ಬದಲಾದದ್ದೂ ಗೊತ್ತಾಗದ ಹಾಗೆ ಹೊರಟಿತು. ಎಡಗಡೆಯೇ ಹೋಯಿತು, ಯಾರೂ ತಕರಾರು ಮಾಡಲಿಲ್ಲ. ಗುಡ್ಡದ ತಿರುವು ಬಂದಾಗ ರಟ್ಟಿನ ಗೋಡೆಯ ಮೇಲಿನಿಂದ ಇಣುಕಿದೆ, ನಿಯಮ ಮುರಿದು. ಕಾಕಾ ಅವರ ಕೈ ಹಾರ್ನಿನ ಮೇಲೆ ಹೋಯಿತು, ಅಲ್ಲೇ ನಿಂತಿತು, ಹಿಂದೆ ಬಂತು. ಇಡೀ ಕೋಣೆ ಒಟ್ಟಿಗೆ ಉಸಿರು ಬಿಟ್ಟಿತು.

ಕ್ಯಾಂಪಿನ ಗೇಟು ದಾಟಿ, ಡೇರೆಗಳ ಮುಂದೆ ಒಂದು ಚೂರೂ ಕುಲುಕದೆ ಲಾರಿ ನಿಂತಿತು. ಎಲ್ಲರೂ ಕುಣಿಯುವವರಿದ್ದೆವು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಕಾಕಾ ಅವರ ದನಿ ಬಂತು. ಕರೆಯದೆ ಮಾತಾಡಬಾರದೆಂಬ ನಿಯಮ ಅವರಿಗೂ ನೆನಪಿರಲಿಲ್ಲ, ನನಗೂ ಬೇಕಿರಲಿಲ್ಲ.

"ಮಿರಜ ಬಂತ್ರಿ. ಇಳೀರಿ ಎಲ್ಲಾರೂ, ಸಾವಕಾಶ ಇಳೀರಿ."

ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಪಕ್ಕದ ರಟ್ಟಿನ ಗೋಡೆಯ ಆಚೆ ನರ್ಸು ಮೂಗೆಳೆಯುವುದು ಕೇಳಿಸಿತು. ನಾವು ಒಬ್ಬೊಬ್ಬರಾಗಿ ಲಾರಿಯಿಂದ ಇಳಿದೆವು, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಬ್ಯಾಂಕಿನವನು ಎಲ್ಲರಿಗಿಂತ ಕೊನೆಗೆ. ಅವನು ಇಳಿಯುವವರೆಗೆ ಕಾಕಾ ಎಂಜಿನ್ ಬಂದ್ ಮಾಡಲಿಲ್ಲ.