ಟಗರಿನ ಎತ್ತರದ ಪೂಲ್

ನಮ್ಮ ಓಣಿಗೆ ಬರುವವರು ಯಾರೇ ಇರಲಿ, ತಲೆ ಬಗ್ಗಿಸಿಯೇ ಬರಬೇಕಿತ್ತು. ತಹಸೀಲ್ದಾರರು ಬಗ್ಗಿದ್ದಾರೆ, ಓಟು ಕೇಳಲು ಬಂದವರು ಬಗ್ಗಿದ್ದಾರೆ, ನನ್ನನ್ನು ಮದುವೆಯಾಗಲು ಕಲ್ಯಾಣ ಪಟ್ಟಣದಿಂದ ಬಂದ ವರ ಮಹಾಶಯರಂತೂ ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದು, ಮೊಣಕಾಲಿಗೆ ಕೈಯೂರಿಕೊಂಡು ಬಂದಿದ್ದಾರೆ. ಹುಮನಾಬಾದಿನಲ್ಲಿ ಇಷ್ಟು ಮರ್ಯಾದೆ ಸಿಗುತ್ತಿದ್ದ ಓಣಿ ಇನ್ನೊಂದಿರಲಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳಿಕೊಳ್ಳುತ್ತೇನೆ. ಆದರೆ ಆ ಮರ್ಯಾದೆಯ ಹಿಂದೆ ನನ್ನ ಅಪ್ಪನ ಒಂದು ತಪ್ಪಿತ್ತು, ಮತ್ತು ಅದನ್ನು ಕಾಗದದ ಮೇಲೆ ಇಳಿಸಿದ ಕೈ ನನ್ನದು.

ನಾವು ಕುರಿ ಸಾಕುವವರು. ಊರ ಅಂಚಿನಲ್ಲಿ ನಮ್ಮದೊಂದು ಓಣಿ. ನಡುವೆ ಕುರಿದೊಡ್ಡಿ, ಸುತ್ತ ಮನೆಗಳು, ತೆಂಕಣ ಕೊನೆಯಲ್ಲಿ ಸೇದುವ ಬಾವಿ. ಬೇಸಿಗೆಯಲ್ಲಿ ಹಳ್ಳಿಖೇಡದ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಗಂಡಸರು ಹೋಗುತ್ತಿದ್ದರು, ಮಳೆ ಹಿಡಿಯುವ ಮುಂಚೆ ತಿರುಗಿ ಬರುತ್ತಿದ್ದರು. ಕನ್ನಡದವರೆಲ್ಲ ಒಂದು ರಾಜ್ಯವಾಗಿ ಕೆಲವು ವರ್ಷ ಕಳೆದಿದ್ದವು. ಅಲ್ಲಿಯವರೆಗೆ ಉರ್ದುವಿನಲ್ಲಿ ಬರುತ್ತಿದ್ದ ಸರಕಾರಿ ಕಾಗದಗಳು ಕನ್ನಡದಲ್ಲಿ ಬರತೊಡಗಿದ್ದವು. ಓಣಿಯಲ್ಲಿ ಕನ್ನಡ ಓದಲು ಬರೆಯಲು ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ಏಳನೆಯ ಇಯತ್ತೆಯ ಹುಡುಗಿಯಾದ ನಾನು ಓಣಿಯ ವಕೀಲಳೂ ಆಗಿದ್ದೆ.

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಸಡಕನ್ನು ಅಗಲ ಮಾಡಿ, ಹೊಸ ಏರಿಯ ಮೇಲೆ ನೇರವಾಗಿ ಒಯ್ಯುತ್ತಾರೆ ಎಂಬ ನೋಟೀಸನ್ನು ಓದಿ ಹೇಳಿದವಳೂ ನಾನೇ. ಏರಿ ಬರುವುದು ಓಣಿಯ ನಟ್ಟನಡುವೆ. ನಡುವಿನ ಮನೆಗಳೂ ದೊಡ್ಡಿಯೂ ಹೋಗಬೇಕು, ಆ ಮನೆಯವರಿಗೆ ಸಡಕಿನ ಬಡಗಣಕ್ಕೆ ಜಾಗ ಕೊಡುತ್ತಾರೆ. ನಮ್ಮ ಮನೆಯೂ ಅದರಲ್ಲಿತ್ತು. ಓದಿ ಮುಗಿಸಿದಾಗ ನನ್ನ ಅವ್ವ ಕೇಳಿದಳು, "ಬಾವಿ ಯಾ ಕಡಿ ಉಳೀತದ?" ತೆಂಕಣಕ್ಕೆ, ಈ ಹಳೆಯ ಕಡೆಯೇ ಉಳಿಯುತ್ತದೆ ಎಂದೆ. ಅವಳು ಎದ್ದು ಒಳಗೆ ಹೋದಳು.

ಹೊಸ ಜಾಗದಲ್ಲಿ ಓವರ್ಸಿಯರ್ ಸಾಹೇಬರು ಸುಣ್ಣದ ಪುಡಿಯಿಂದ ಗೆರೆ ಎಳೆಸಿ, ಗೂಟ ಬಡಿಸಿದ್ದರು. ನನ್ನ ಕಾಪಿ ಪುಸ್ತಕದ ಗೆರೆಗಳ ಹಾಗೆ ಸಾಲು ಸಾಲು. ನಮ್ಮವರು ಅದನ್ನು ನೋಡಿ ನಕ್ಕರು. ಮರುದಿನ ಗೂಟಗಳನ್ನು ಕಿತ್ತು, ಹಳೆಯ ಓಣಿಯಲ್ಲಿ ಯಾರ ಗೋಡೆಗೆ ಯಾರ ಗೋಡೆ ತಾಗಿತ್ತೋ ಅದೇ ಪ್ರಕಾರ ಕಂಬಳಿ ಹಾಸಿ ಅಳತೆ ಮಾಡಿದರು. ಒಂದು ಕಂಬಳಿ ಉದ್ದ ಪಡಸಾಲೆ, ಎರಡು ಕಂಬಳಿ ಉದ್ದ ಒಳಮನೆ, ನಡುವೆ ದೊಡ್ಡಿ. ಹಳೆಯ ಮನೆಯ ಕೆಂಪು ಕಲ್ಲು, ಬಾಗಿಲು, ಹೊಸ್ತಿಲು ಎಲ್ಲವನ್ನೂ ತಲೆಯ ಮೇಲೆ ಹೊತ್ತು ತಂದರು. ಯಾರ ಮನೆಯನ್ನೂ ಅವರೊಬ್ಬರೇ ಕಟ್ಟಲಿಲ್ಲ. ಸಾಹೇಬರು ಬಂದು ಕೂಗಾಡಿದರು. ಆಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದು, ಎದ್ದವರು ನಕಾಶೆಯನ್ನೇ ತಿದ್ದಿಕೊಂಡು ಹೋದರು. ಸರಕಾರ ಕೆಡವಿದ್ದನ್ನು ನಾವು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಮತ್ತೆ ಎಬ್ಬಿಸಿದ್ದೆವು. ಇಂದಿಗೂ ನೆನೆದರೆ ನನ್ನ ಎದೆ ಉಬ್ಬುತ್ತದೆ.

ಏರಿ ಮಾತ್ರ ದಿನದಿನಕ್ಕೆ ಬೆಳೆಯಿತು. ಅದರಡಿ ನೀರು ಹೋಗಲು ಸಾಹೇಬರು ದೂರದಲ್ಲೆಲ್ಲೋ ಒಂದು ಪೈಪು ಹಾಕಿಸುತ್ತಿದ್ದರು. ಅಪ್ಪ ಹೋಗಿ, "ನೀರು ಅಲ್ಲಿ ಬರೂದಿಲ್ರಿ ಸಾಹೇಬ್ರ. ನಮ್ಮ ಕುರಿ ನಡಿಯೂ ದಾರೀಲೇ ಬರ್ತದ" ಎಂದು ಹೇಳಿದ. ಕುರಿ ಕಾಯುವವನ ಮಾತು ಯಾರು ಕೇಳುತ್ತಾರೆ? ಮೊದಲ ದೊಡ್ಡ ಮಳೆಗೆ ನೀರು ಕುರಿದಾರಿ ಹಿಡಿದೇ ಬಂತು, ಅರ್ಧ ಏರಿಯನ್ನು ಕೊಚ್ಚಿಕೊಂಡು ಹೋಯಿತು. ಎರಡೇ ದಿನದಲ್ಲಿ ಸಾಹೇಬರು ನಮ್ಮ ಬಾಗಿಲಲ್ಲಿದ್ದರು.

"ಇಲ್ಲೇ ಒಂದು ಪೂಲ್ ಕಟ್ಟಿಸ್ತೀನಿ. ನಿನ್ನ ಕುರೀನೂ ಅದರಾಗ ಹೋಗ್ಲಿ. ಎಷ್ಟು ಎತ್ತರ ಬೇಕು, ಅರ್ಜಿ ಬರಕೊಡು" ಎಂದರು. ಪೂಲ್ ಎಂದರೆ ನಮ್ಮ ಕಡೆ ಸೇತುವೆ.

ನಾನು ಪಾಟಿಯನ್ನು ಮಗುಚಿ ಅದರ ಮೇಲೆ ಕಾಗದ ಇಟ್ಟು ಕೂತೆ. ಅಪ್ಪನಿಗೆ ಅಂದು ಹಿಡಿಸಲಾರದ ಖುಷಿ. ದೊಡ್ಡಿಯಿಂದ ನಮ್ಮ ದೊಡ್ಡ ಟಗರನ್ನು ಎಳೆತಂದು, ಗದ್ದ ಹಿಡಿದು ತಲೆ ಎತ್ತಿಸಿ, ಕೊಂಬಿನ ಮೇಲೆ ಒಂದು ಗೇಣು ಇಟ್ಟು, "ಇಷ್ಟು ಬರಿ, ತಂಗಿ" ಎಂದ. ಸಾಹೇಬರು ಟೇಪು ಹಿಡಿದು ನಾಲ್ಕು ಅಡಿ ಎಂದರು. ನಾನು ದುಂಡಗೆ ನಾಲ್ಕು ಅಡಿ ಎಂದು ಬರೆದೆ. ಅಪ್ಪನ ಲೆಕ್ಕ ಇಷ್ಟೇ: ಲಾರಿಗೆ ಸಿಕ್ಕು ಸಾಯುವುದು ಕುರಿ, ಅವು ಕೆಳಗೆ ಹೋಗಲಿ; ಮನುಷ್ಯರಿಗೇನು, ಏರಿ ಹತ್ತಿ ದಾಟುತ್ತಾರೆ.

ಏರಿ ಮುಗಿದಾಗ ಆಳೆತ್ತರಕ್ಕಿಂತ ಮೇಲಿತ್ತು. ಎರಡೂ ಬದಿ ಗರಸು ಮಣ್ಣಿನ ಕಡಿದಾದ ಇಳಿಜಾರು, ಕಾಲಿಟ್ಟರೆ ಜಾರುತ್ತಿತ್ತು. ಬರಿಗೈಯಲ್ಲಿ ಗಂಡಸರು ಹತ್ತಿಯಾರು, ತಲೆಯ ಮೇಲೆ ಎರಡು ಕೊಡ ಹೊತ್ತ ಹೆಂಗಸು ಹ್ಯಾಗೆ ಹತ್ತಬೇಕು? ಬಾವಿ ಆ ಕಡೆ, ಒಲೆ ಈ ಕಡೆ. ಮೊದಲ ದಿನ ಅವ್ವ ಕೊಡ ಹೊತ್ತು ಪೂಲಿನ ಬಾಯಿಗೆ ಬಂದು ನಿಂತಳು. ಪೂಲಿನ ಮೇಲುಚಪ್ಪಡಿ ಅವಳ ಎದೆಮಟ್ಟಕ್ಕಿತ್ತು. ಅವಳ ಹಿಂದೆಯೇ ನಾನೂ ಕೊಡ ಹೊತ್ತು ನಿಂತಿದ್ದೆ. ದಿನಾ ನೀರು ಹೊರುವ ನಾನು, ನಾಲ್ಕು ಅಡಿ ಎಂದು ಬರೆಯುವಾಗ ಕೊಡವನ್ನು ನೆನೆಯಲಿಲ್ಲ. ಅವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಓಣಿಯ ಹೆಂಗಸರು ಅಳುತ್ತ ಕೂರಲಿಲ್ಲ. ಹೊತ್ತು ಮೂಡುವಾಗ ಎಲ್ಲರೂ ಬಾವಿಗೆ ಹೋಗುವುದು, ನೀರು ಸೇದಿ ಪೂಲಿನೊಳಗೆ ಸಾಲಾಗಿ ಕೂರುವುದು, ಕೈಯಿಂದ ಕೈಗೆ ಕೊಡ ದಾಟಿಸುವುದು ಎಂದು ನೇಮ ಮಾಡಿಕೊಂಡರು. ಹಳೆಯ ಓಣಿಯಲ್ಲೇ ಉಳಿದ ಹೆಂಗಸರಿಗೆ ಬಾವಿ ಮನೆಯ ಹತ್ತಿರವೇ ಇತ್ತು. ಆದರೂ ಅವರೂ ಬಂದು ಸಾಲಿನಲ್ಲಿ ಕೂತರು. ಅವರನ್ನು ಯಾರೂ ಕರೆದಿರಲಿಲ್ಲ. ಯಾರ ಮನೆಗೆ ನೆಂಟರು ಬಂದರು, ಯಾರ ಸೊಸೆಗೆ ದಿನ ತುಂಬಿತು, ಎಲ್ಲ ಸುದ್ದಿಯೂ ಕೊಡದ ಜೊತೆಗೇ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಮೇಲೆ ಲಾರಿಗಳು ಗುಡುಗುತ್ತಿದ್ದವು, ಕೆಳಗೆ ನಮ್ಮ ಓಣಿ ಒಂದಾಗಿಯೇ ಇತ್ತು. ಸಡಕು ಬಂದು ಒಡೆದುಹೋದ ಓಣಿಗಳನ್ನು ನಾನು ಆಮೇಲೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ನಮ್ಮದು ಒಡೆಯಲಿಲ್ಲ.

ಅಪ್ಪನಿಗೆ ಮಾತ್ರ ಕಾಟ ತಪ್ಪಲಿಲ್ಲ. ಜಾರುವ ಏರಿ ಹತ್ತಲಾರದೆ ಹೊರಗಿನಿಂದ ಬರುವವರೂ ಪೂಲಿನೊಳಗೇ ಬಗ್ಗಿ ಬರುತ್ತಿದ್ದರು, ಅದಕ್ಕೆ ಟಗರಿನ ಪೂಲ್ ಎಂದೇ ಹೆಸರು ಬಿತ್ತು. ಮದುವೆಯ ದಿನ ನನ್ನ ಅತ್ತೆ ಅದರೊಳಗಿಂದ ಬಗ್ಗಿ ಬಂದು, ಸೊಂಟ ಹಿಡಿದುಕೊಂಡು, "ಬೀಗರ, ಇದು ಮಂದಿಗಿ ಕಟ್ಟಿಸೀರೋ ಕುರಿಗೋ?" ಎಂದು ಎಲ್ಲರೆದುರು ಕೇಳಿದರು. ಅಪ್ಪ ನಕ್ಕ. ಆ ನಗು ಅವನ ಮುಖಕ್ಕೆ ಹೊಂದುತ್ತಿರಲಿಲ್ಲ. ಅವ್ವ ಆ ವಿಷಯದಲ್ಲಿ ಒಂದು ಮಾತನ್ನೂ ಆಡುತ್ತಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ನಾನು ಕಲ್ಯಾಣದಲ್ಲಿ ಸಂಸಾರ ಹೂಡಿ, ಟ್ರೇನಿಂಗ್ ಮುಗಿಸಿ, ಅಲ್ಲೇ ಶಾಲೆಯಲ್ಲಿ ಟೀಚರಾದೆ. ಎಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಅಪ್ಪನ ಕಡೆಯಿಂದ ಸುದ್ದಿ ಬಂತು: ಸಡಕನ್ನು ಇನ್ನೂ ಅಗಲ ಮಾಡುತ್ತಾರಂತೆ, ಹಳೆಯ ಪೂಲ್ ಒಡೆದು ಹೊಸದು ಕಟ್ಟುತ್ತಾರಂತೆ, ಅರ್ಜಿ ಬರೆಯುವುದಿದೆ, ಬಾ. ಮೊದಲ ಬಸ್ಸಿಗೇ ಹೊರಟೆ. ಈ ಸಲ ಹತ್ತು ಅಡಿ ಎಂದು ಬರೆಯಬೇಕು ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಲೇ ಹೋದೆ.

ಹೊಸ ಇಂಜಿನಿಯರ್ ಸಾಹೇಬರು ಹರೆಯದವರು. "ಅಜ್ಜಾರ, ಮುಂದಿನ ವರ್ಷ ಮನಿ ಮನಿಗಿ ನಳ ಬರ್ತಾವ. ಆಮ್ಯಾಲ ಯಾರು ನೀರು ಹೊರ್ತಾರ? ಹಳೇ ಅಳತೀನೇ ಇರಲಿ" ಎಂದರು.

"ನಳ ಬರ್ಲಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಈಗ ಒಂದೇ ಒಂದು ನಿಮಿಷ ನಿಂದರ್ರಿ" ಎಂದು ಅಪ್ಪ ಒಳಗೆ ಹೋದ. ಅವ್ವನ ಗೊಣಗಾಟ ಹೊರಗೆ ಕೇಳುತ್ತಿತ್ತು. "ನನಗ ನಾಚಿಕಿ ಬರ್ತದ. ಮಂದಿ ಎದುರಿಗಿ ಏನಿದು ತಮಾಷಾ?" ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ದೊಡ್ಡ ಕೊಡ, ಅದರ ಮೇಲೆ ಚಿಕ್ಕ ಕೊಡ. ವಯಸ್ಸಾಗಿತ್ತು, ಆದರೂ ಕತ್ತು ಅಲುಗಲಿಲ್ಲ. ಅಪ್ಪ ಕಟ್ಟೆಯ ಮೇಲೆ ಹತ್ತಿ ನಿಂತು, ಮೇಲಿನ ಕೊಡದ ಬಾಯಿಯ ಮೇಲೆ ಒಂದು ಗೇಣು ಇಟ್ಟ.

"ಇಷ್ಟು ಎತ್ತರ ಬೇಕ್ರಿ. ಹೋದ ಸಲ ನಾ ಟಗರಿಗಿ ಅಳದಿದ್ದೆ, ಇಕಿನ್ನ ಅಳೀಲಿಲ್ಲ. ಅದು ನನ್ನ ತಪ್ಪು."

ಇಷ್ಟು ವರ್ಷದಲ್ಲಿ ಅಪ್ಪ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾಹೇಬರು ಟೇಪು ಬಿಚ್ಚಿದರು. ನಾನು ಅಳತೆ ಬರೆದೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾಯಿತು, ತಿದ್ದಲಿಲ್ಲ. ಹತ್ತು ಅಡಿ ಎಂದು ಬರೆಯುವ ನನ್ನ ಜಾಣತನ ಅಲ್ಲೇ ಉಳಿಯಿತು.

ಹೊಸ ಪೂಲ್ ಬಿಟ್ಟುಕೊಟ್ಟ ದಿನವೂ ನಾನಿದ್ದೆ. ಬೆಳಿಗ್ಗೆ ಹೆಂಗಸರೆಲ್ಲ ರೂಢಿಯಂತೆ ಸಾಲಾಗಿ ನಿಂತು ಕೊಡ ಇಸಿದುಕೊಳ್ಳಲು ಕೈ ಚಾಚಿದ್ದರು. ಅವ್ವ ಬಾವಿಯಿಂದ ಎರಡು ಕೊಡ ಹೊತ್ತು ಬಂದವಳು ಯಾರ ಕೈಗೂ ಕೊಡಲಿಲ್ಲ. ನಡು ನೆಟ್ಟಗೆ ಮಾಡಿಕೊಂಡು ಪೂಲಿನೊಳಗೆ ನಡೆದಳು. ಒಂದು ತೊಟ್ಟು ನೀರು ಚೆಲ್ಲಲಿಲ್ಲ. ಅವಳ ಹಿಂದೆಯೇ ಅಪ್ಪ ನಡೆದ. ತಲೆಯ ಮೇಲೆ ಅಷ್ಟು ಜಾಗ ಇದ್ದರೂ ಅವನು ಬಗ್ಗಿಕೊಂಡೇ ಹೋಗುತ್ತಿದ್ದ, ಮೊಣಕಾಲಿಗೆ ಕೈಯೂರಿ, ಎಂದಿನ ಹಾಗೆ.

ಅವ್ವ ಈ ಕಡೆ ಹೊರಬಂದು, ಕೊಡ ಇಳಿಸದೆಯೇ ಮೆಲ್ಲಗೆ ತಿರುಗಿ ಅವನನ್ನು ನೋಡಿದಳು.

"ನಿಂದರ್ರಿ ನೆಟ್ಟಗ" ಎಂದಳು. "ಇನ್ನ ಯಾಕ ಬಗ್ಗಾಕತ್ತೀರಿ?"